ಸೋಮವಾರದ ಕೆಂಪು ಗುರುತುಗಳು

ಅಕ್ಕಾರ ಹಲ್ಲು ಕೀಳಿಸುವ ಮೊದಲು ಅವರ ಹಾಡುಗಳನ್ನೆಲ್ಲ ಕಂಪ್ಯೂಟರಿನೊಳಗೆ ತುಂಬಿಸಿಬಿಡಬೇಕು ಎಂದು ಹೊಳೆದದ್ದು ನನಗೇ. ಅಕ್ಕಾರು ಎಂದರೆ ನನ್ನ ಗಂಡನ ಹಿರಿಯಕ್ಕ. ರಾಯಚೂರು ಕಡೆಯ ಹಳ್ಳಿಯಿಂದ ಬಂದು ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲೇ ಇದ್ದರು. ಬೀಗರ ಹಾಡಿನಲ್ಲಿ ಅವರದು ಎತ್ತಿದ ಕೈ. ಮದುವೆ ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯವರ ಮೂಗು, ಮೀಸೆ, ಹಸಿವು, ಜಿಪುಣತನ ಯಾವುದನ್ನೂ ಬಿಡದೆ ಹಾಡಿನಲ್ಲಿ ಹಂಗಿಸುವುದು, ಹಂಗಿಸಿಕೊಂಡವರು ನಗುತ್ತಲೇ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವುದು ಅವರ ಊರಿನ ಪದ್ಧತಿ. ಅಕ್ಕಾರು ಬಾಯಿ ತೆರೆದರೆ ಬೀಗರು ಊಟ ಮರೆಯುತ್ತಿದ್ದರು.

ನನಗೆ ಇಂಥ ಒಂದು ಹಾಡೂ ಬಾರದು. ನಾನು ಸಿಕಂದರಾಬಾದಿನಲ್ಲಿ ಕಾನ್ವೆಂಟ್ ಓದಿದವಳು. ಅಪ್ಪ ರೈಲ್ವೆಯವರು. ಮನೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ತೆಲುಗು, ರಿಕ್ಷಾದವನ ಹತ್ತಿರ ದಖ್ಖನಿ ಉರ್ದು, ಸಿಸ್ಟರ್‌ಗಳ ಹತ್ತಿರ ಇಂಗ್ಲಿಷ್. ಸಿಸ್ಟರ್‌ಗಳು ನಮಗೆ ಎಂಬ್ರಾಯ್ಡರಿ, ಎಲೊಕ್ಯೂಷನ್, ಚಮಚವನ್ನು ತಟ್ಟೆಯ ಯಾವ ಬದಿಗೆ ಇಡಬೇಕು ಎಂಬುದನ್ನೆಲ್ಲ ಕಲಿಸಿದರು. ನನ್ನ ಮದುವೆಯ ದಿನ ಹೆಂಗಸರೆಲ್ಲ ಮುತ್ತಿಕೊಂಡು "ಒಂದು ಹಾಡು ಹಾಡವಾ" ಎಂದಾಗ ನಾನು ಎದ್ದು ನಿಂತು, ಕೈ ಬೆನ್ನ ಹಿಂದೆ ಕಟ್ಟಿ, ಚಾಪೆಲ್‌ನಲ್ಲಿ ಕಲಿತ ಒಂದು ಹಿಮ್, ಪ್ರಾರ್ಥನಾಗೀತೆ, ಹಾಡಿದೆ. ಅದೂ ಸೆಕೆಂಡ್ ವಾಯ್ಸ್‌ನಲ್ಲಿ. ಕ್ವೈರ್‌ನಲ್ಲಿ ನನ್ನ ಜಾಗ ಅದೇ ಆಗಿತ್ತು. ಫಸ್ಟ್ ವಾಯ್ಸ್ ಹಾಡುವವರು ಆ ಚಪ್ಪರದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಬರೀ ಆಧಾರದ ದನಿ ಒಂದೇ ನರಳಿದಂತೆ ಕೇಳಿಸಿರಬೇಕು. ಅಕ್ಕಾರು ಗಾಬರಿಯಾಗಿ, "ಹುಡಿಗಿಗೆ ಹೊಟ್ಟಿ ನೋಯಾಕತ್ತೈತಿ, ಯಾರರೆ ಒಂದೀಟು ಅಜವಾನ ಕೊಡ್ರಿ" ಎಂದು ಓಮದ ಕಾಳು ತರಿಸಿದ್ದರು.

ಆಮೇಲೆ ನಾನು ಅವರಿಗೆ ಎಷ್ಟೋ ಸಲ ವಿವರಿಸಿದೆ. "ಅಕ್ಕಾರ, ಅದು ಎರಡನೇ ದನಿ. ಮೊದಲನೇ ದನಿ ಜೋಡಿ ಇದ್ದರ ಭಾಳ ಚಂದ ಕೇಳತೈತಿ."

"ಹಂಗಾರ ಮೊದಲನೇ ದನಿ ಎಲ್ಲಿ ಹೋಗಿತ್ತವಾ, ತವರುಮನ್ಯಾಗ ಬಿಟ್ಟು ಬಂದಿದ್ದಿ ಏನು?"

ಇದನ್ನು ಅವರು ಎಷ್ಟು ವರ್ಷವಾದರೂ ಮರೆಯಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ "ಇದು ಎರಡನೇ ದನಿ ಚಹಾ ಏನು?" ಎನ್ನುತ್ತಿದ್ದರು.

ಅದು ಐಟಿ ಬೂಮ್‌ನ ಕಾಲ. ನಮ್ಮ ಬೀದಿಯಲ್ಲಿ ಇಡ್ಲಿ ಹೋಟೆಲಿನ ಮೇಲೊಂದು, ಬಟ್ಟೆ ಅಂಗಡಿಯ ಮೇಲೊಂದು ಕಂಪ್ಯೂಟರ್ ಕೋಚಿಂಗ್ ಸೆಂಟರ್. ಪಕ್ಕದ ಮನೆಯವರು ಮಹಡಿಯ ನೀರಿನ ಟ್ಯಾಂಕಿನ ಮೇಲೂ "ಜಾವಾ, ಒರಾಕಲ್" ಎಂದು ಬರೆಸಿ ಬಾಡಿಗೆಗೆ ಕೊಟ್ಟಿದ್ದರು. ನನ್ನ ಗಂಡ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಂಡು ರಿಟೈರ್ ಆದವರು. ತಾವೂ ಹಿಂದೆ ಬೀಳಬಾರದೆಂದು ಸಿಡಿ ಬರೆಯುವ ಸೌಲಭ್ಯವಿದ್ದ ಕಂಪ್ಯೂಟರೊಂದನ್ನು ಜೋಡಿಸಿ ತಂದರು. ದೊಡ್ಡ ಪ್ಲಗ್ ಹಿಡಿಸುವ ಸಾಕೆಟ್ ಇದ್ದದ್ದು ದೇವರ ಕೋಣೆಯಲ್ಲಿ ಮಾತ್ರ. ಹಾಗಾಗಿ ಮೇಜು ಅಲ್ಲೇ, ಅದರ ಕೆಳಗೆ ನೆಲದ ಮೇಲೆ ಕ್ಯಾಬಿನೆಟ್ಟು. ಮನೆಗೆ ಬಂದ ದಿನವೇ ಇವರು ಸ್ಕ್ರೂ ಬಿಚ್ಚಿ ಅದರ ಪಕ್ಕದ ತಗಡು ತೆಗೆದಿಟ್ಟರು. "ವೆಂಟಿಲೇಷನ್ ಬೇಕು. ನಮ್ಮ ಪ್ಲಾಂಟ್‌ನಾಗ ಒಂದೂ ಪ್ಯಾನೆಲ್ ಮುಚ್ಚತಿದ್ದಿಲ್ಲ." ಬಿಚ್ಚಿದ ಬದಿ ಗೋಡೆಯ ಕಡೆಗಿತ್ತು. ಬಂದವರಿಗೆ ಕಾಣುತ್ತಿರಲಿಲ್ಲ.

ದಂತದ ಡಾಕ್ಟರು ಅಕ್ಕಾರ ಹಲ್ಲೆಲ್ಲ ತೆಗೆದು ಸೆಟ್ ಹಾಕಬೇಕೆಂದಾಗ ನಾನು ಮೈಕ್ ಒಂದನ್ನು ತರಿಸಿ, ಮಧ್ಯಾಹ್ನದ ಊಟವಾದ ಮೇಲೆ ಅವರನ್ನು ಮೇಜಿನ ಮುಂದೆ ಕೂಡಿಸುತ್ತಿದ್ದೆ. ದಿನಕ್ಕೊಂದು ಹಾಡು. ಮುಗಿದ ಮೇಲೆ ಕೇಳಿಸಿದರೆ ಅಕ್ಕಾರು ಸೆರಗು ಬಾಯಿಗಿಟ್ಟುಕೊಂಡು ತಮ್ಮ ಹಾಡಿಗೆ ತಾವೇ ನಗುತ್ತಿದ್ದರು.

"ಇದನ್ನೆಲ್ಲ ಎಲ್ಲಿ ಇಡತೀಯವಾ?"

ನಾನು ಕ್ಯಾಬಿನೆಟ್ ತಿರುಗಿಸಿ, ಒಳಗೆ ಅಗಲವಾದ ಬೂದು ಪಟ್ಟಿಯ ತುದಿಗೆ ಕೂತ ಹಾರ್ಡ್ ಡಿಸ್ಕನ್ನು ತೋರಿಸಿದೆ. "ಈ ಡಬ್ಬಿಯೊಳಗ, ಅಕ್ಕಾರ."

ಅಕ್ಕಾರು ಆ ಡಬ್ಬಿಗೆ ಕೈ ಮುಗಿದರು. ನಾನು ನಕ್ಕೆ.

ಹಲ್ಲು ಹೋದವು, ಸೆಟ್ ಬಂತು. ಮುತ್ತಿನಂಥ ಸಾಲು. ಆದರೆ ಮಾತಿನಲ್ಲಿ ಎಲ್ಲೆಲ್ಲಿ ಸಕಾರ ಬರುತ್ತದೋ ಅಲ್ಲೆಲ್ಲ ಪ್ರೆಶರ್ ಕುಕ್ಕರಿನಂತೆ ಸೀಟಿ. ಹಾಡಲು ಹೋದರೆ ಮೇಲಿನ ಸೆಟ್ ಕೆಳಗಿಳಿಯುತ್ತಿತ್ತು. ಸೆಟ್ ತೆಗೆದು ಹಾಡಿರೆಂದರೆ, "ಬೋಳು ಬಾಯಿ ಮಂದಿಗೆ ತೋರಸ್ಲೇನು? ಅದಕ್ಕಿಂತ ಸೆರಗು ಜಾರಿದ್ರ ವಾಸಿ" ಎಂದರು. ಸೆಟ್ ಇಲ್ಲದ ಅವರ ಮುಖವನ್ನು ತಮ್ಮನೂ ನೋಡಿರಲಿಲ್ಲ. ನಾನೊಬ್ಬಳೇ ನೋಡಿದ್ದೆ.

ಇಷ್ಟರಲ್ಲಿ ಅವರ ಮೊಮ್ಮಗಳಿಗೆ, ಮಗಳ ಮಗಳಿಗೆ, ಮದುವೆ ಗೊತ್ತಾಯಿತು. ಗಂಡಿನವರು ಕಲಬುರಗಿ ಕಡೆಯವರು, ಸಿಕಂದರಾಬಾದಿನಲ್ಲಿ ವ್ಯಾಪಾರ. ನಿಶ್ಚಯದ ಊಟಕ್ಕೆ ಹುಡುಗನ ಅಜ್ಜಿ ಬಂದಿದ್ದಳು. ಅಕ್ಕಾರ ವಯಸ್ಸಿನವಳೇ, ಕೈ ತುಂಬ ಚಿನ್ನದ ಪಾಟಲಿ. ಎರಡನೇ ಹೋಳಿಗೆ ಬೀಳುವಷ್ಟರಲ್ಲಿ ಶುರುಮಾಡಿಯೇಬಿಟ್ಟಳು:

"ಹೆಣ್ಣಿನವರ ಹೋಳಿಗಿ ನೋಡಿರೇ ಗೆಳತಿ,
ಜೋಡಿನ ಅಟ್ಟಿ ಸುಟ್ಟಂಗ ಐತಿ,
ನಾಯಿಗೆ ಹಾಕಿದರ ನಾಯಿನೂ ಅಳತೈತಿ..."

ಹೋಳಿಗೆಯನ್ನು ಚಪ್ಪಲಿಯ ಅಟ್ಟೆಗೆ ಹೋಲಿಸಿದ್ದಕ್ಕೆ ಇಡೀ ಪಂಕ್ತಿ ನಕ್ಕಿತು. ಎಲ್ಲರ ಕಣ್ಣು ಅಕ್ಕಾರ ಮೇಲೆ. ಉತ್ತರ ಕೊಡುವುದು ಹೆಣ್ಣಿನ ಕಡೆಯವರ ಬಾಧ್ಯತೆ. ಅಕ್ಕಾರು ಬಾಯಿ ತೆರೆದರು, ಒಂದು ಉದ್ದನೆಯ ಸೀಟಿ ಹೊರಟಿತು, ಬಾಯಿ ಮುಚ್ಚಿದರು. ಬೀಗತಿ ತಲೆಯಾಡಿಸಿ, "ರೈಲು ಹೊಂಟತೇನು?" ಎಂದಳು.

ಆ ರಾತ್ರಿ ಅಕ್ಕಾರು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹತ್ತಿರ ಬಂದು, "ಏ ಇಂಗ್ಲಿಷಿನಾಕಿ, ಆ ಡಬ್ಬಿಯಾಗ ನನ್ನ ಹಲ್ಲಿದ್ದಾಗಿನ ಹಾಡು ಅದಾವಲ್ಲ, ಮದುವಿ ದಿವಸ ಅವನ್ನು ಆಕಿ ಕಿವಿಗೆ ಹಾಕಬೇಕು. ಇಲ್ಲಾಂದ್ರ ನಾ ಮದುವಿಗೇ ಬರಾಂಗಿಲ್ಲ" ಎಂದರು. ತಮಾಷೆಗೆ ಹೇಳಿದ ಮಾತಲ್ಲ. ಆ ಮೊಮ್ಮಗಳನ್ನು ಸಾಕಿದವರು ಅವರೇ.

ಹಾಡುಗಳನ್ನು ಸಿಡಿಗೆ ಬರೆಯಬೇಕಿತ್ತು, ಅಷ್ಟೇ. ಶುಭ ಕೆಲಸವಾದ್ದರಿಂದ ಸೋಮವಾರವೇ ಶುರುಮಾಡಬೇಕೆಂದು ಅಕ್ಕಾರ ಅಪ್ಪಣೆ. ನನ್ನ ಗಂಡ ಬೆಳಿಗ್ಗೆ ಬರೆಯಲು ಹಚ್ಚಿ ವಾಕಿಂಗ್ ಹೋದರು. ನಾನು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ತೆರೆಯ ಮೇಲೆ ಒಂದು ಬೂದು ಚೌಕ: ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್. ಸಿಡಿ ಹಾಳು. ಮುಂದಿನ ಸೋಮವಾರವೂ ಅದೇ. ಹಾಳಾದ ಸಿಡಿಗಳನ್ನು ಅಕ್ಕಾರು ಬಾಲ್ಕನಿಯಲ್ಲಿ ಪಾರಿವಾಳ ಓಡಿಸಲು ದಾರ ಕಟ್ಟಿ ತೂಗುಬಿಟ್ಟರು. ಪಾರಿವಾಳಗಳು ಬಂದು ಅದರಲ್ಲಿ ಮುಖ ನೋಡಿಕೊಂಡು ಹೋಗುತ್ತಿದ್ದವು.

ನನ್ನ ಗಂಡ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೇ ಕಂಪ್ಯೂಟರ್ ಮ್ಯಾಗಜೀನ್ ಒಂದನ್ನು ಕೊಂಡು ತಂದರು. ಅದರ ಜೊತೆಗೆ ಬಂದ ಸಿಡಿಯಲ್ಲಿ ಹಾರ್ಡ್ ಡಿಸ್ಕಿನ ಆರೋಗ್ಯ ಹೇಳುವ ಪ್ರೋಗ್ರಾಂ ಇತ್ತು. ಡಿಸ್ಕು ತನ್ನ ನಾಡಿ ತಾನೇ ನೋಡಿಕೊಂಡು ಬರೆದಿಟ್ಟಿರುತ್ತದಂತೆ, ಇದು ಅದನ್ನು ಓದಿ ತೋರಿಸುತ್ತದೆ. ತೆರೆಯ ತುಂಬ ಒಂದು ಟೇಬಲ್. ಎಡಕ್ಕೆ ಡಿಸ್ಕಿನ ಒಂದೊಂದು ಗುಣದ ಹೆಸರು, ಬಲಕ್ಕೆ ನಾಲ್ಕು ಕಾಲಂ: ವ್ಯಾಲ್ಯೂ, ವರ್ಸ್ಟ್, ಥ್ರೆಶೋಲ್ಡ್, ಡೇಟಾ. ಇವರು ಅದನ್ನು ಪ್ರಿಂಟ್ ತೆಗೆದರು. ತಾವೊಬ್ಬರೇ ಓದಿ ತೀರ್ಮಾನಿಸುವ ಮನುಷ್ಯರಲ್ಲ ಅವರು. ಕಾರ್ಖಾನೆಯಲ್ಲಿ ಒಂದು ಫ್ಯಾನ್ ಕೆಟ್ಟರೂ ಕಂಡೆಮ್ನೇಷನ್ ಕಮಿಟಿ ಕೂಡಬೇಕು, ಮೂರು ವಿಭಾಗದವರು ನೋಡಿ ಒಪ್ಪಬೇಕು, ಆಮೇಲೆ ಅದು ಸತ್ತಿತೆಂದು ಲೆಕ್ಕ. ರಿಟೈರ್ ಆದರೂ ಆ ಪದ್ಧತಿ ಬಿಟ್ಟಿರಲಿಲ್ಲ. ನಮ್ಮ ಹಳೇ ಮಿಕ್ಸಿ ಕೂಡ ಕಮಿಟಿಯ ಮುಂದೆಯೇ ಪ್ರಾಣ ಬಿಟ್ಟದ್ದು.

ಕಮಿಟಿಯಲ್ಲಿ ಇವರ ಜೊತೆ ಇನ್ನಿಬ್ಬರು. ಇಬ್ಬರೂ ಹಳೇ ಸಹೋದ್ಯೋಗಿಗಳು, ನಮ್ಮ ಕಡೆಯವರೇ. ಒಬ್ಬರು ಇನ್‌ಸ್ಪೆಕ್ಷನ್‌ನಲ್ಲಿದ್ದವರು, ಕಣ್ಣಿಗೆ ಎರಡು ಕನ್ನಡಕ, ಮನಸ್ಸಿಗೆ ಅನುಮಾನ. ಇನ್ನೊಬ್ಬರು ಸ್ಟೋರ್ಸ್‌ನವರು, ಏನನ್ನೂ ಎಸೆಯದವರು. ಒಗ್ಗರಣೆ ಚುರುಮುರಿ, ಮಿರ್ಚಿ, ಚಹಾ ಇಟ್ಟು ನಾನು ಬಾಗಿಲಲ್ಲಿ ನಿಂತೆ. ಅಕ್ಕಾರು ಒಳಗಿಂದ ಕಿವಿ ಕೊಟ್ಟು ಕೂತಿದ್ದರು.

ಇನ್‌ಸ್ಪೆಕ್ಷನ್‌ನವರು ಕಾಗದದ ಮೇಲೆ ಬೆರಳಿಟ್ಟರು. "ಥ್ರೆಶೋಲ್ಡ್ ಅಂದ್ರ ಲಿಮಿಟ್ ನೋಡ್ರಿ. ಇಲ್ಲಿ ರಿಅಲೊಕೇಟೆಡ್ ಸೆಕ್ಟರ್ ಅಂತ ಐತಿ. ಲಿಮಿಟ್ ಮೂವತ್ತಾರು. ರೀಡಿಂಗ್ ಎಷ್ಟೈತಿ? ನೂರು!"

"ಅರೇ ಬಾಪ್‌ರೇ" ಎಂದರು ಸ್ಟೋರ್ಸ್‌ನವರು, ಮಿರ್ಚಿ ಕಚ್ಚುತ್ತ.

"ಇನ್ನೂ ಕೆಳಗ ಬರ್ರಿ. ಸಿಆರ್‌ಸಿ ಎರರ್, ಅದ ಆ ಸೈಕ್ಲಿಕ್ ರಿಡಂಡೆನ್ಸಿ. ಲಿಮಿಟ್ ಸೊನ್ನಿ. ಸೊನ್ನಿ ಇರಬೇಕಾದಲ್ಲಿ ಇನ್ನೂರು ಐತಿ. ಇಂಥ ಮಾಲು ನನ್ನ ಟೇಬಲ್ಲಿಗೆ ಬಂದಿದ್ರ ಗೇಟ್‌ನಿಂದನ ವಾಪಸ್ ಕಳಸ್ತಿದ್ದೆ."

"ರೀಡ್ ಎರರ್ ಮುಂದ ಡೇಟಾ ಕಾಲಂನಾಗ ನೋಡ್ರಿ" ಎಂದರು ನನ್ನ ಗಂಡ, ಸೋತ ದನಿಯಲ್ಲಿ. "ಕೋಟಿಗಟ್ಟಲೆ ಐತಿ."

"ಇಷ್ಟು ಎರರ್ ಮಾಡಾಕ ಅದಕ್ಕ ಟೈಮರ ಎಲ್ಲಿ ಸಿಕ್ಕಿತಪಾ?" ಎಂದು ಸ್ಟೋರ್ಸ್‌ನವರಿಗೆ ಆಶ್ಚರ್ಯ.

ನಾನು ಬಹಳ ವರ್ಷ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಬಾಗಿಲಿನಿಂದಲೇ ಕತ್ತು ಚಾಚಿ ನೋಡಿದೆ. ನನಗೆ ಅದು ಬೇರೆಯದೇ ತರಹ ಕಂಡಿತು. "ಎಕ್ಸ್‌ಕ್ಯೂಸ್ ಮಿ, ಒಂದು ಮಿನಿಟ್. ಇದು ಮಾರ್ಕ್ಸ್ ಕಾರ್ಡ್ ಇದ್ದಂಗ ಐತಲ್ರಿ? ವ್ಯಾಲ್ಯೂ ಅಂದ್ರ ಈಗ ತಗೊಂಡ ಮಾರ್ಕು. ವರ್ಸ್ಟ್ ಅಂದ್ರ ಈ ತನಕ ತಗೊಂಡಿದ್ದರಾಗ ಎಲ್ಲಕ್ಕಿಂತ ಕಡಿಮಿ. ಥ್ರೆಶೋಲ್ಡ್ ಅಂದ್ರ ಪಾಸ್ ಮಾರ್ಕು. ಮೂವತ್ತಾರು ಬಂದ್ರ ಪಾಸು, ಈ ಹುಡುಗ ನೂರಕ್ಕ ನೂರು ತಗೊಂಡಾನ. ನೀವು ಫೇಲ್ ಮಾಡಾಕತ್ತೀರಿ!"

ಮೂವರೂ ನನ್ನನ್ನು ನೋಡಿದರು.

"ಹಂಗಾರ ವೈನ್ಯಾರ, ನೂರಕ್ಕ ಇನ್ನೂರು ತಗೊಂಡೈತಲ್ಲ ಸಿಆರ್‌ಸಿಯೊಳಗ, ಅದು ಹೆಂಗ?" ಎಂದರು ಇನ್‌ಸ್ಪೆಕ್ಷನ್‌ನವರು.

ನಾನು ಚಹಾದ ಕಪ್ಪುಗಳನ್ನು ಎತ್ತತೊಡಗಿದೆ.

"ಕಾಪಿ ಹೊಡದಿರಬೇಕು" ಎಂದರು ಸ್ಟೋರ್ಸ್‌ನವರು.

"ಮತ್ತ ಪಾಸಾದ ಹುಡುಗ ಹಾಡು ಯಾಕ ಓದವಲ್ಲ?" ಎಂದು ನನ್ನ ಗಂಡ ಕೇಳಿದರು. ಕಮಿಟಿ ತೀರ್ಪು ಕೊಟ್ಟಿತು: ಬಿಯಾಂಡ್ ಎಕನಾಮಿಕಲ್ ರಿಪೇರ್, ಅಂದರೆ ರಿಪೇರಿಗೆ ದುಡ್ಡು ಹಾಕಿದರೆ ನಷ್ಟ. ಮುಂದಿನ ವಾರ ಹೊಸ ಡಿಸ್ಕ್ ತರುವುದು, ಹಳೆಯದಕ್ಕೆ ಡ್ರಿಲ್ ಹಾಕುವುದು. ಕಂಡೆಮ್ ಆದ ಮಾಲಿಗೆ ತೂತು ಹೊಡೆಯದೆ ಗುಜರಿಗೆ ಕೊಟ್ಟರೆ ಅದು ತಿರುಗಿ ಹಿಂಬಾಗಿಲಿನಿಂದ ಒಳಗೆ ಬರುತ್ತದೆಂಬುದು ಸ್ಟೋರ್ಸ್‌ನವರ ಸರ್ವಿಸಿನ ಅನುಭವ. ಅಲ್ಲಿಯವರೆಗೆ ಗುರುತಿಗೆಂದು ಕೆಂಪು ಬಣ್ಣ ಕೇಳಿದರು. ಮನೆಯಲ್ಲಿ ಇದ್ದದ್ದು ನನ್ನ ನೇಲ್ ಪಾಲಿಷ್. ಕ್ಯಾಬಿನೆಟ್ಟಿನ ಮುಖದ ಮೇಲೆ ದೊಡ್ಡ ಇಂಟು ಗುರುತು ಬಿತ್ತು. ಅವರು ಹೋದ ಮೇಲೆ ಅಕ್ಕಾರು ಬಂದು ನೋಡಿ, "ಚಲೋ ಆತು, ದೃಷ್ಟಿ ತಾಗಿತ್ತು ಕಾಣತೈತಿ" ಎಂದರು. ಡ್ರಿಲ್ಲಿನ ವಿಷಯ ಅವರಿಗೆ ಹೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

ಗಂಡಸರು ಮಾಡದ ಒಂದು ಕೆಲಸ ಉಳಿದಿತ್ತು. ಆ ಪ್ರೋಗ್ರಾಮಿನೊಳಗೆ ಹೆಲ್ಪ್ ಎಂಬ ಪುಟಗಳಿದ್ದವು. ಅದನ್ನು ತೆರೆದು ನೋಡುವುದು ಸೋಲೊಪ್ಪಿಕೊಂಡಂತೆ ಎಂದು ಇವರ ಭಾವನೆ. ನಾನು ಅದನ್ನು ಕಾಂಪ್ರಿಹೆನ್ಷನ್ ಪ್ಯಾಸೇಜ್ ಓದಿದಂತೆ ಕೂತು ಓದಿದೆ. ಪಾಸ್ ಮಾರ್ಕಿನ ವಿಷಯ ನಾನು ಹೇಳಿದ್ದೇ ಸರಿ. ಮಾರ್ಕು ಇಳಿಯುತ್ತ ಥ್ರೆಶೋಲ್ಡ್ ಮುಟ್ಟಿದರೆ ಮಾತ್ರ ಭಯ. ಕೆಲವು ಪೇಪರಿಗೆ ನೂರು, ಕೆಲವಕ್ಕೆ ಇನ್ನೂರು, ಅದು ಕಂಪನಿಯವರ ಇಷ್ಟ. ಆ ಕೋಟಿಗಟ್ಟಲೆ ಅಂಕಿಯೂ ಕಂಪನಿಯ ಒಳಲೆಕ್ಕವೇ ಹೊರತು ಅಷ್ಟು ತಪ್ಪುಗಳೆಂದು ಅರ್ಥವಲ್ಲ. ಆದರೆ ಸಿಆರ್‌ಸಿಯ ಡೇಟಾ ಕಾಲಂ ಬೇರೆ ಕತೆ ಹೇಳುತ್ತಿತ್ತು. ಡಿಸ್ಕು ಸರಿಯಾಗಿ ಓದಿ ಕಳಿಸಿದ್ದು ದಾರಿಯಲ್ಲಿ ಕೆಟ್ಟಾಗಲೆಲ್ಲ ಆ ಎಣಿಕೆ ಏರುತ್ತದೆ. ದಾರಿ ಎಂದರೆ ಆ ಬೂದು ಪಟ್ಟಿ, ಕೇಬಲ್. ಪತ್ರ ಬರೆದವರೂ ಸರಿ, ಓದುವವರೂ ಸರಿ, ಪೋಸ್ಟ್‌ಮನ್ನನ ಚೀಲದಲ್ಲಿ ನೀರು ಬಿದ್ದಿದೆ.

ನೀರು ಯಾವಾಗ ಬಿತ್ತು? ಕಂಪ್ಯೂಟರು ತನ್ನ ತೊಂದರೆಗಳನ್ನು ಇನ್ನೊಂದು ಕಡೆ ದಿನಾಂಕ ಸಮೇತ ಬರೆದಿಡುತ್ತದೆ, ಎರರ್ ಲಾಗ್ ಎಂದು. ತೆರೆದೆ. ಒಂದರ ಕೆಳಗೊಂದು ಕೆಂಪು ಗುರುತುಗಳು. ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕೂಡ ನನ್ನ ಕಾಂಪೊಸಿಷನ್ ಮೇಲೆ ಅಷ್ಟು ಕೆಂಪು ಹಾಕಿರಲಿಲ್ಲ. ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ತಂದು ಪಕ್ಕದಲ್ಲಿಟ್ಟು ದಿನಾಂಕ ಹೊಂದಿಸಿದೆ. ಸೋಮವಾರ. ಮತ್ತೆ ಸೋಮವಾರ. ಒಂದು ಬುಧವಾರ ಬಂತೆಂದು ಖುಷಿಪಟ್ಟರೆ ಅವತ್ತು ಅಮಾವಾಸ್ಯೆ. ಎಲ್ಲವೂ ಬೆಳಿಗ್ಗೆಯವೇ.

"ಸೋಮವಾರ ಬ್ರೇಕ್‌ಡೌನ್ ಆಗೂದು ನಮ್ಮ ಪ್ಲಾಂಟ್‌ನಾಗೂ ಇತ್ತು" ಎಂದರು ನನ್ನ ಗಂಡ. "ರವಿವಾರ ರೆಸ್ಟ್ ಆದ ಮ್ಯಾಲೆ ಮಷೀನಿಗೂ ಮನಸು ಬರಾಂಗಿಲ್ಲ."

"ಮತ್ತ ಅಮಾಸಿಗೆ?"

"ಅದು... ಓವರ್‌ಟೈಮ್ ಇರಬೇಕು."

ಹೊಸ ಡಿಸ್ಕ್ ತರುವ ವಾರ ಬಂತು. ಆ ಸೋಮವಾರ ಬೆಳಿಗ್ಗೆ ನಾನು ಎಂದಿನಂತೆ ಕಂಪ್ಯೂಟರ್ ಆನ್ ಮಾಡಿದೆ. ಅದು ಪೂರ್ತಿ ಎಚ್ಚರವಾಗುವಷ್ಟರಲ್ಲಿ ಸ್ನಾನ ಮುಗಿಸಿ ಬರಬಹುದಿತ್ತು, ಅಷ್ಟು ನಿಧಾನ. ಆದರೆ ಸ್ನಾನಕ್ಕೆ ಹೋಗಲಿಲ್ಲ; ಸೋಮವಾರಕ್ಕೂ ಅಮಾವಾಸ್ಯೆಗೂ ಮನೆಯಲ್ಲಿ ನಡೆಯುವುದು ಒಂದೇ, ಅಕ್ಕಾರ ದೊಡ್ಡ ಪೂಜೆ. ಅಕ್ಕಾರು ಪೂಜೆಗೆ ಕೂತಾಗ ದೇವರ ಕೋಣೆಯೊಳಗೆ ಯಾರೂ ಹೋಗಬಾರದು, ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಉಳಿದರ್ಧದಲ್ಲಿ ನಾನು ನಿಂತೆ. ಕಾನ್ವೆಂಟಿನಲ್ಲಿ ಕಲಿತದ್ದಕ್ಕೆಲ್ಲ ವಿರುದ್ಧವಾಗಿ.

ಅಕ್ಕಾರು ಲಿಂಗಪೂಜೆ ಮುಗಿಸಿದರು. ಬಟ್ಟಲಲ್ಲಿ ಉಳಿದ ವಿಭೂತಿಗೆ ನಾಲ್ಕು ಹನಿ ನೀರು ಬೆರೆಸಿದರು. ಆಮೇಲೆ ಮೇಜಿನ ಕೆಳಗೆ ಬಗ್ಗಿ, ಚಾಲೂ ಇದ್ದ ಕ್ಯಾಬಿನೆಟ್ಟನ್ನು ಎರಡೂ ಕೈಯಿಂದ ಹಿಡಿದು, ಮೊಮ್ಮಕ್ಕಳನ್ನು ಎಳೆದುಕೊಂಡಂತೆ ತಮ್ಮ ಕಡೆ ತಿರುಗಿಸಿಕೊಂಡರು. "ಬಾರವಾ, ಮಾರಿ ತೊಳಸ್ತೀನಿ." ಒದ್ದೆ ಬಟ್ಟೆಯನ್ನು ತೆರೆದ ಬದಿಯಿಂದ ಒಳಗೆ ಹಾಕಿ, ಬೂದು ಪಟ್ಟಿಯನ್ನು ಎತ್ತಿ, ಮಗುವಿನ ಜಡೆ ಹಿಡಿದಂತೆ ಜಗ್ಗಿ ನೇರ ಮಾಡಿ, ಮೇಲಿಂದ ಕೆಳಗೆ ಒರೆಸಿದರು. ಕಡೆಗೆ ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಹಾರ್ಡ್ ಡಿಸ್ಕಿನ ಹಣೆಗೆ ಎಳೆದರು.

"ನನ್ನ ಹಾಡು ಹೊಟ್ಟಿಯಾಗ ಇಟ್ಕೊಂಡೀಯವಾ. ಮದುವಿ ತನಕ ತಣ್ಣಗಿರು ತಾಯಿ."

ಮೇಜಿನ ಮೇಲೆ ತೆರೆ ಒಂದು ಕ್ಷಣ ನಿಂತುಹೋಯಿತು. ಲಾಗ್ ತೆರೆದು ನೋಡಿದರೆ ಹೊಸ ಕೆಂಪು ಗುರುತು ಕೂತಿರುತ್ತದೆಂದು ನೋಡದೆಯೇ ಗೊತ್ತಾಯಿತು. ಸಿಡಿ ಬರೆಯುವ ಸೋಮವಾರಗಳಂದು ಕೆಲಸ ಚೆನ್ನಾಗಿ ಆಗಲೆಂದು ವಿಭೂತಿಯನ್ನು ಇನ್ನೂ ಧಾರಾಳವಾಗಿ ಹಚ್ಚಿರಬೇಕು.

ನಗು ಬಂತು. ಎಲ್ಲರೂ ಆ ಡಬ್ಬಿಯನ್ನು ಸತ್ತಿತೆಂದು ಬರೆದಿಟ್ಟಾಗ ಅದರ ಆರೈಕೆ ಮಾಡುತ್ತಿದ್ದದ್ದು ಅಕ್ಕಾರೊಬ್ಬರೇ. ಕೆಡಿಸುತ್ತಿದ್ದದ್ದೂ ಅವರೇ. ಇದನ್ನು ಯಾವ ಭಾಷೆಯಲ್ಲಿ ಹೇಳಲಿ? ಇಂಗ್ಲಿಷಿನಲ್ಲಿ ಸುಲಭವಿತ್ತು, ಅಕ್ಕಾರಿಗೆ ಬಾರದು. ಪೂಜೆ ಮುಗಿದು ಹೊರಗೆ ಬಂದ ಮೇಲೆ ಹೇಳಿದೆ: "ಅಕ್ಕಾರ, ಆ ಡಬ್ಬಿಗೆ ಮಡಿ ನಿಮಗಿಂತ ಹೆಚ್ಚು. ಯಾರ ಕೈಲಿಂದೂ ಮುಟ್ಟಿಸ್ಕೊಳ್ಳಾಂಗಿಲ್ಲ. ನೀರು ತಾಕಿದ್ರಂತೂ ಮುಗೀತು, ಹಾಡು ನಿಂದರತಾವು."

ಅಕ್ಕಾರು ನನ್ನನ್ನೇ ದಿಟ್ಟಿಸಿದರು. ಅರ್ಥವಾಯಿತು. ಮುಖ ಸಣ್ಣದಾಯಿತು. ಆದರೆ ಅವರು ಅಷ್ಟಕ್ಕೇ ಸೋಲುವವರಲ್ಲ. "ಮಡಿ ಇದ್ದದ್ದು ಮೊದಲ ಹೇಳಬಾರದೇನ? ಇಷ್ಟು ಓದಿದಾಕಿ, ದೇವರ ಕ್ವಾಣ್ಯಾಗ ತಂದಿಟ್ಟು ಮುಟ್ಟಬ್ಯಾಡ ಅಂದ್ರ ಹೆಂಗ?"

ಕಮಿಟಿ ಮತ್ತೆ ಕೂಡಿತು. ಸ್ಟೋರ್ಸ್‌ನವರು ಡ್ರಿಲ್ ತಂದಿದ್ದರು. ಕ್ಯಾಬಿನೆಟ್ ತಿರುಗಿಸಿದಾಗ ಮೂರೆಳೆ ವಿಭೂತಿ ಧರಿಸಿ ಧ್ಯಾನಕ್ಕೆ ಕೂತಂತಿದ್ದ ಹಾರ್ಡ್ ಡಿಸ್ಕನ್ನು ಕಂಡು ನನ್ನ ಗಂಡ ಹಿಂದೆ ಸರಿದರು. ಸ್ಟೋರ್ಸ್‌ನವರು ಡ್ರಿಲ್ ಕೆಳಗಿಟ್ಟು ಅಭ್ಯಾಸಬಲದಿಂದ ಕೈ ಮುಗಿದರು.

"ಫಾರಿನ್ ಮ್ಯಾಟರ್" ಎಂದರು ಇನ್‌ಸ್ಪೆಕ್ಷನ್‌ನವರು ಕೊನೆಗೆ, ಕನ್ನಡಕ ಬದಲಿಸಿ. "ಕನೆಕ್ಟರ್ ಅರ್ಧ ಹೊರಗ ಬಂದೈತಿ. ಒಳಗೂ ಬೂದಿ."

"ಫಾರಿನ್ ಹೆಂಗ್ರಿ? ನಮ್ಮೂರಿನ ವಿಭೂತಿ ಅದು!" ಎಂದು ಒಳಗಿಂದ ಅಕ್ಕಾರು ಗದರಿದರು.

ಸ್ಟೋರ್ಸ್‌ನವರ ಮನೆಯಲ್ಲಿ ಹೊಸ ಕೇಬಲ್ ಒಂದಿತ್ತು, ಅವರ ಮನೆಯಲ್ಲಿ ಇಲ್ಲದ್ದು ಯಾವುದೂ ಇರಲಿಲ್ಲ. ಕೇಬಲ್ ಬದಲಾಯಿತು, ಪಕ್ಕದ ತಗಡು ಮುಚ್ಚಿತು. ತೀರ್ಪು ತಪ್ಪಾಯಿತೆಂದು ನನ್ನ ಗಂಡ ಹೇಳಲಿಲ್ಲ. ಕಂಡೆಮ್ನೇಷನ್ ಅನ್ನು ಅಬೇಯನ್ಸ್‌ನಲ್ಲಿ ಇಡಲಾಗಿದೆ, ಅಂದರೆ ಸದ್ಯಕ್ಕೆ ತಡೆಹಿಡಿಯಲಾಗಿದೆ, ಎಂದರು. ಮರುದಿನ ಮಂಗಳವಾರ. "ಮಂಗಳವಾರ ಯಾರರೆ ಚಲೋ ಕೆಲಸ ಮಾಡ್ತಾರೇನು" ಎಂದು ಅಕ್ಕಾರು ಗೊಣಗಿದರೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತರು. ಹಾಡುಗಳು ಒಂದೊಂದಾಗಿ ಸಿಡಿಗೆ ಇಳಿದವು. ಸಿಆರ್‌ಸಿಯ ಎಣಿಕೆ ಇದ್ದಲ್ಲೇ ಇತ್ತು.

ಒಂದು ಹಾಡು ಮಾತ್ರ ಬರಲಿಲ್ಲ. ಎಷ್ಟು ಸಲ ಕೇಳಿದರೂ ಡಿಸ್ಕು ಟಿಕ್ ಟಿಕ್ ಎಂದು ಗಂಟಲು ಸರಿಮಾಡಿಕೊಳ್ಳುತ್ತಿತ್ತೇ ಹೊರತು ಹಾಡುತ್ತಿರಲಿಲ್ಲ. ಟೇಬಲ್ಲಿನಲ್ಲಿ ಪೆಂಡಿಂಗ್ ಸೆಕ್ಟರ್ ಎಂಬ ಸಾಲಿತ್ತು, ಓದಲಾಗದೆ ಕಾಯುತ್ತಿರುವ ಜಾಗಗಳು. ಅದರ ಮಾರ್ಕು ಆಗಲೂ ನೂರಕ್ಕೆ ನೂರೇ. ಆದರೆ ಡೇಟಾ ಕಾಲಂನಲ್ಲಿ ಮೊದಲು ಸೊನ್ನೆ ಇದ್ದದ್ದು ಈಗ ಸೊನ್ನೆಯಾಗಿರಲಿಲ್ಲ. ತಿರುಗುತ್ತಿದ್ದಾಗ ಎಳೆದಾಡಿದ್ದರ ಪೆಟ್ಟು ಎಲ್ಲೋ ಒಂದು ಕಡೆ ತಾಗಿಯೇ ಇತ್ತು. ಫಸ್ಟ್ ಕ್ಲಾಸ್ ಬಂದ ಹುಡುಗಿಯರೂ ಹಾಸ್ಟೆಲಿನಲ್ಲಿ ದಿಂಬಿಗೆ ಮುಖವಿಟ್ಟು ಅಳುವುದನ್ನು ನಾನು ಕಂಡಿದ್ದೆ. ಮಾರ್ಕ್ಸ್ ಕಾರ್ಡಿನಲ್ಲಿ ಅದು ಬರುವುದಿಲ್ಲ.

"ಯಾವ ಹಾಡು ಹೋತು?" ಎಂದರು ಅಕ್ಕಾರು. ಹೇಳಿದೆ. ಬೀಗತಿಯ ಊಟದ ಹಾಡು. ಎಲ್ಲಕ್ಕಿಂತ ಖಾರವಾದದ್ದು. "ಅದೊಂದು ಇಲ್ಲಾಂದ್ರ ಉಳಿದದ್ದು ಏನು ಸುಡೂದೈತಿ" ಎಂದು ಕೂತುಬಿಟ್ಟರು. ಆದರೂ ಮದುವೆಗೆ ಬರಲು ಒಪ್ಪಿದರು.

ಮದುವೆಯ ದಿನ ಫಂಕ್ಷನ್ ಹಾಲಿನ ಸ್ಪೀಕರುಗಳಲ್ಲಿ ಅಕ್ಕಾರ ಹಲ್ಲಿದ್ದಾಗಿನ ದನಿ ಮೊಳಗಿತು. ಹೆಣ್ಣಿನ ಕಡೆಯವರು ಬಿದ್ದು ಬಿದ್ದು ನಕ್ಕರು. ಬಡಿಸುವ ತೆಲುಗು ಹುಡುಗರೂ ಅರ್ಥವಾಗದೆ ನಕ್ಕರು. ಅಕ್ಕಾರು ಬಾಯಿ ಬಿಗಿಹಿಡಿದು, ತಲೆ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಎದುರು ಪಂಕ್ತಿಯಲ್ಲಿ ಬೀಗತಿ ಶಾಂತವಾಗಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು. ಕಡೆಯ ಹಾಡು ಮುಗಿದಾಗ, ಕೈ ಮೇಲೆತ್ತಿ ಹೇಳಿದಳು:

"ಡಬ್ಬಿ ಭಾಳ ಚಲೋ ಹಾಡ್ತು. ಡಬ್ಬಿಗೆ ಬಾಯಿ ಐತಿ. ಹೆಣ್ಣಿನ ಅಜ್ಜಿಗೆ ಇಲ್ಲೇನು?"

ಅಕ್ಕಾರ ಕೈ ನನ್ನ ಮಣಿಕಟ್ಟಿಗೆ ಬಂತು. ಹಿಡಿತ ಬಿಗಿಯಾಯಿತು. "ಕರ್ಚೀಪ್ ಕೊಡು."

ಸಿಸ್ಟರ್‌ಗಳು ಕಲಿಸಿದ ಹೊಲಿಗೆಯಲ್ಲಿ ಅಂಚಿಗೆ ಹೂಬಳ್ಳಿ ಹಾಕಿದ ಕರ್ಚೀಫು ಕೊಟ್ಟೆ. ಎಲ್ಲರೂ ನೋಡುತ್ತಿದ್ದ ಹಾಗೆಯೇ, ತಮ್ಮನ ಎದುರಿಗೇ, ಅಕ್ಕಾರು ಮೇಲಿನ ಸೆಟ್ ತೆಗೆದರು, ಕೆಳಗಿನದು ತೆಗೆದರು, ಕರ್ಚೀಫಿನಲ್ಲಿ ಒರೆಸಿ ನನ್ನ ಎಡಗೈಯಲ್ಲಿಟ್ಟರು. ಕೆನ್ನೆ ಒಳಗೆ ಹೋಯಿತು. ಬಡಿಸುವ ಹುಡುಗರು ಸೌಟು ಹಿಡಿದಲ್ಲೇ ನಿಂತರು. ಆಮೇಲೆ ಡಿಸ್ಕಿನೊಳಗೆ ಸಿಕ್ಕಿಬಿದ್ದ ಆ ಹಾಡು ಬೋಳು ಬಾಯಿಂದ, ಸೀಟಿಯೇ ಇಲ್ಲದೆ, ಬೆಣ್ಣೆಯಂತೆ ಹೊರಗೆ ಬಂತು:

"ಬೀಗತಿ ಬಂದಾಳ ಬೀದಿಯ ತುಂಬ,
ಮೂಗುತಿ ಕಾಣತೈತಿ, ಮುಖ ಕಾಣವಲ್ದು,
ಹಸಿವಿಲ್ಲ ಅಂತಾಳ, ಬುಟ್ಟಿ ಬರಿದಾತು,
ಹೋಳಿಗಿ ಮುಗದಾವು, ಎಲಿಯನ್ನ ಹಿಡೀರೇ..."

ಮೊದಲು ನಕ್ಕವಳು ಬೀಗತಿಯೇ. ಹೊಟ್ಟೆ ಹಿಡಿದು ನಕ್ಕಳು, ಕಣ್ಣು ಒರೆಸಿಕೊಂಡಳು. ನಕ್ಕು ಸುಧಾರಿಸಿಕೊಂಡು, ಎಲೆ ಬಿಟ್ಟೆದ್ದು ನಮ್ಮ ಪಂಕ್ತಿಗೆ ಬಂದು ಅಕ್ಕಾರ ಪಕ್ಕದಲ್ಲಿ ಕೂತಳು. ಬಾಯಿಗೆ ಕೈ ಹಾಕಿ ತನ್ನ ಸೆಟ್ಟನ್ನೂ ತೆಗೆದು, "ಹಿಡಿಯವಾ" ಎಂದು ನನ್ನ ಬಲಗೈಯಲ್ಲಿಟ್ಟಳು. ಆಮೇಲೆ ಉತ್ತರ ಶುರುಮಾಡಿದಳು. ಅಕ್ಕಾರು ಅದಕ್ಕೆ ಉತ್ತರ ಕೊಟ್ಟರು. ಅವಳು ಮತ್ತೆ ಉತ್ತರ ಕೊಟ್ಟಳು. ಮದುಮಕ್ಕಳನ್ನು ಯಾರೂ ನೋಡುತ್ತಿರಲಿಲ್ಲ.

ನಾನು ಎಡಗೈಯಲ್ಲಿ ಅಕ್ಕಾರದು, ಬಲಗೈಯಲ್ಲಿ ಬೀಗತಿಯದು ಹಿಡಿದು ನಿಂತಿದ್ದೆ. ಎರಡೂ ಒಂದೇ ತರಹ ಇದ್ದವು, ಕೈ ಅದಲುಬದಲಾದರೆ ಮುಗಿಯಿತು. ಮೂಗಿನ ತುದಿ ಕೆರೆಯುತ್ತಿತ್ತು, ಕೆರೆದುಕೊಳ್ಳುವ ಹಾಗಿರಲಿಲ್ಲ. ಅಷ್ಟರಲ್ಲಿ ಅಕ್ಕಾರು ಉಸಿರು ತೆಗೆದುಕೊಳ್ಳಲು ನಿಂತರು, ನನ್ನ ಕಡೆ ತಿರುಗಿದರು.

"ಏ ಇಂಗ್ಲಿಷಿನಾಕಿ, ಮೊದಲನೇ ದನಿ ಇವತ್ತ ಇಬ್ಬರಿದೀವಿ. ನಿನ್ನ ಆ ಎರಡನೇದು ಹಚ್ಚು."

ನನಗೆ ಪದ ಗೊತ್ತಿರಲಿಲ್ಲ. ಎರಡನೇ ದನಿಗೆ ಪದ ಅಷ್ಟೇನೂ ಬೇಡ. ಎರಡು ಕೈಯಲ್ಲೂ ಹಲ್ಲು ಹಿಡಿದುಕೊಂಡೇ, ಅವರಿಬ್ಬರ ಕೆಳಗೆ, ಚಾಪೆಲ್‌ನಲ್ಲಿ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತು ಹಾಡಿದೆ. ಅಜವಾನ ಯಾರೂ ತರಿಸಲಿಲ್ಲ.